ರಕ್ತ ಶುದ್ಧವಾಯಿತು, ನೆನಪು?

1945ರಲ್ಲಿ ಹಾಲೆಂಡಿನ ಕ್ಯಾಂಪೆನ್ ಎಂಬ ಊರಿನಲ್ಲಿ ಡಾಕ್ಟರ್ ವಿಲೆಮ್ ಕೋಲ್ಫ್ ಅವರು ತಾವೇ ನಿರ್ಮಿಸಿದ ಕೃತಕ ಮೂತ್ರಪಿಂಡಕ್ಕೆ 67 ವರ್ಷದ ಹೆಂಗಸೊಬ್ಬಳನ್ನು ಜೋಡಿಸಿದರು. ರಕ್ತದಲ್ಲಿ ಕಶ್ಮಲ ತುಂಬಿ ಆಕೆಗೆ ಎಚ್ಚರ ತಪ್ಪಿತ್ತು. 11 ಗಂಟೆಗಳ ಚಿಕಿತ್ಸೆಯ ಬಳಿಕ ಆಕೆ ಕಣ್ತೆರೆದಳು. ಆ ಯಂತ್ರದಿಂದ ಬದುಕಿ ಉಳಿದ ಮೊದಲ ರೋಗಿ ಆಕೆ.

ಇಂದು ಡಯಾಲಿಸಿಸ್ ಮನೆಮಾತಾಗಿದೆ. ಸಾಮಾನ್ಯವಾಗಿ ವಾರಕ್ಕೆ 3 ಸಲ, ಪ್ರತಿ ಸಲವೂ ಸುಮಾರು 4 ಗಂಟೆ ರೋಗಿ ಯಂತ್ರದ ಪಕ್ಕದಲ್ಲಿ ಮಲಗಿರುತ್ತಾನೆ. ಜೀವವೇನೋ ಉಳಿಯುತ್ತದೆ. ಆದರೆ ಹಲವರಲ್ಲಿ ಬುದ್ಧಿಯ ಚುರುಕು ಮೆಲ್ಲಮೆಲ್ಲನೆ ಕುಂದುತ್ತದೆ. ಗುಳಿಗೆ ನುಂಗಿದ್ದು ಮರೆಯುತ್ತದೆ. ಕುಡಿದ ನೀರಿನ ಲೆಕ್ಕ ತಪ್ಪುತ್ತದೆ. ಮನೆಯವರು ‘ವಯಸ್ಸಾಯಿತು’ ಎಂದು ಸುಮ್ಮನಾಗುತ್ತಾರೆ.

ಆಸ್ಪತ್ರೆಗೂ ಇದು ಸುಲಭವಾಗಿ ಕಾಣದು. ಅಮೆರಿಕದ ಮಿನೆಸೋಟದಲ್ಲಿ 55 ವರ್ಷ ತುಂಬಿದ 338 ಡಯಾಲಿಸಿಸ್ ರೋಗಿಗಳನ್ನು ಪರೀಕ್ಷಿಸಿದ ವರದಿ 2006ರಲ್ಲಿ ಪ್ರಕಟವಾಯಿತು. ನೂರಕ್ಕೆ 37 ಮಂದಿಯ ಬುದ್ಧಿಶಕ್ತಿ ತೀವ್ರವಾಗಿ ಕುಗ್ಗಿತ್ತು; ಸರಿಯಾಗಿದ್ದವರು ನೂರಕ್ಕೆ 13 ಮಾತ್ರ. ಆದರೆ ಕಾಗದಪತ್ರಗಳಲ್ಲಿ ಈ ತೊಂದರೆ ಮೊದಲೇ ದಾಖಲಾಗಿದ್ದುದು ನೂರಕ್ಕೆ 3ಕ್ಕಿಂತ ಕಡಮೆ ಜನರಲ್ಲಿ!

ಕಾರಣಗಳು ಹಲವು. ಮೂತ್ರಪಿಂಡವನ್ನು ಕೆಡಿಸಿದ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳೇ ಮಿದುಳಿನ ಸೂಕ್ಷ್ಮ ರಕ್ತನಾಳಗಳನ್ನೂ ಕೆಡಿಸುತ್ತವೆ. ಡಯಾಲಿಸಿಸ್ ನಡೆಯುವಾಗ ಮಿದುಳಿಗೆ ಹರಿಯುವ ರಕ್ತವೂ ತಗ್ಗುವುದುಂಟು.

ಈ ಕುಂದನ್ನು ಮುಂಚಿತವಾಗಿ ಊಹಿಸಲು ಸಂಶೋಧಕರು ಈಗ ಕೃತಕ ಬುದ್ಧಿಮತ್ತೆಯ ನೆರವು ಪಡೆಯುತ್ತಿದ್ದಾರೆ. ಈ ರೋಗಿಗಳ ರಕ್ತಪರೀಕ್ಷೆ, ಒತ್ತಡದ ಏರಿಳಿತ ಪದೇ ಪದೇ ದಾಖಲಾಗುತ್ತಲೇ ಇರುತ್ತವೆ. ಗಣಕಯಂತ್ರ ಹಳೆಯ ದಾಖಲೆಗಳನ್ನು ಓದಿ, ಯಾವ ಯಾವ ಲಕ್ಷಣಗಳು ಕೂಡಿದಾಗ ಮರೆವು ಹಿಂಬಾಲಿಸಿತೆಂಬುದನ್ನು ಕಲಿಯುತ್ತದೆ; ಬಳಿಕ ಹೊಸ ರೋಗಿಯ ಅಪಾಯವನ್ನು ಅಳೆಯುತ್ತದೆ. ಇದು ಜ್ಯೋತಿಷವಲ್ಲ, ಸಂಭವದ ಲೆಕ್ಕ. ಲೆಕ್ಕ ತಪ್ಪಲೂಬಹುದು. ಒಂದು ನಾಡಿನ ರೋಗಿಗಳಿಂದ ಕಲಿತದ್ದು ಇನ್ನೊಂದು ನಾಡಿಗೆ ಒಗ್ಗದೆ ಹೋಗಬಹುದು. ಲೇಖನಿ ಹಿಡಿಯದ ಅಜ್ಜಿ ಗಡಿಯಾರದ ಚಿತ್ರ ಬರೆಯಲಾರಳೆಂಬ ಮಾತ್ರಕ್ಕೆ ಆಕೆಗೆ ಮರೆವಿನ ರೋಗವೆನ್ನಬಹುದೆ?

ಮೊದಲೇ ತಿಳಿದು ಪ್ರಯೋಜನವೇನು? ಪ್ರಯೋಜನವುಂಟು. ಬ್ರಿಟನ್ನಿನಲ್ಲಿ ಡಯಾಲಿಸಿಸ್ ದ್ರವವನ್ನು ದೇಹದ ಶಾಖಕ್ಕಿಂತ ಅರ್ಧ ಡಿಗ್ರಿ ತಂಪಾಗಿಸಿ ನೋಡಿದರು. ಒಂದು ವರ್ಷದ ಬಳಿಕವೂ ಅಂಥ ರೋಗಿಗಳ ಮಿದುಳಿನ ಬಿಳಿಭಾಗ ಹಾನಿಗೊಳಗಾಗಿರಲಿಲ್ಲವೆಂದು 2015ರ ವರದಿ ಹೇಳಿತು. ಒತ್ತಡ ಕುಸಿಯದಂತೆ ಕಾಯಬಹುದು. ಗುಳಿಗೆಗಳ ಹೊಣೆಯನ್ನು ಮನೆಯವರು ಹೊರಬಹುದು. ಎಲ್ಲಕ್ಕೂ ಮಿಗಿಲಾಗಿ, ಬುದ್ಧಿ ತಿಳಿಯಾಗಿರುವಾಗಲೇ ಮುಂದಿನ ಚಿಕಿತ್ಸೆಯ ಬಗ್ಗೆ ರೋಗಿಯ ಇಷ್ಟವೇನೆಂದು ಅವನನ್ನೇ ಕೇಳಬಹುದು.

ಯಂತ್ರದ ಎಚ್ಚರಿಕೆ ಬರುವವರೆಗೆ ಕಾಯಬೇಕಾಗಿಲ್ಲ. ಕೇಳಿದ್ದನ್ನೇ ಮತ್ತೆ ಕೇಳುವುದು, ಹಣದ ಲೆಕ್ಕದಲ್ಲಿ ತಡವರಿಸುವುದು, ಗುಳಿಗೆ ತಪ್ಪುವುದು ಕಂಡುಬಂದರೆ ಮನೆಯವರು ಅದನ್ನು ಬರೆದಿಟ್ಟು, ಮುಂದಿನ ಡಯಾಲಿಸಿಸ್ ದಿನ ವೈದ್ಯರಿಗೆ ತಿಳಿಸುವುದು ಒಳ್ಳೆಯದು.