ಕೆಳಗೆ ಮುಖ ಮಾಡಿದ ಮದಗುಣಕಿ

ಕಳೆದ ಭಾನುವಾರ ಕನ್ನಡಿ ನೋಡಿಕೊಂಡಾಗ ಎದೆ ಧಸಕ್ಕೆಂದಿತು. ಬಲಗಣ್ಣಿನ ಪಾಪೆ ಎಡಗಣ್ಣಿನದಕ್ಕಿಂತ ದುಪ್ಪಟ್ಟು ದೊಡ್ಡದಾಗಿತ್ತು. ಮೊಬೈಲಿನ ಅಕ್ಷರಗಳೆಲ್ಲ ಮಸುಕು. ಮೆದುಳಿಗೇ ಏನೋ ಆಗಿದೆ ಅಂತ ಆಸ್ಪತ್ರೆಗೆ ಓಡಿದೆ. ಎಲ್ಲ ಪರೀಕ್ಷೆ ಮಾಡಿದ ಮೇಲೆ ಡಾಕ್ಟರು ಕೇಳಿದರು: "ನಿನ್ನೆ ಯಾವ್ದಾದ್ರೂ ಗಿಡ ಮುಟ್ಟಿದ್ರೇನ್ರಿ?"

ಮುಟ್ಟಿದ್ದೆ. ಕಲಬುರಗಿಯ ನಮ್ಮ ಮಾಳಿಗೆ ಮೇಲಿರುವ ಏಂಜೆಲ್ಸ್ ಟ್ರಂಪೆಟ್ ಅಂದರೆ ಬ್ರಗ್‌ಮ್ಯಾನ್ಸಿಯಾ ಗಿಡ. ಕಮಲಾಪುರದಲ್ಲಿರುವ ಅವ್ವನಿಗೆ ಕೊಡಲೆಂದು ಟೊಂಗೆ ಕತ್ತರಿಸಿ, ಕೈ ತೊಳೆಯದೆ ಕಣ್ಣು ಉಜ್ಜಿಕೊಂಡಿದ್ದೆ. ಇದರ ರಸದಲ್ಲಿ ಅಟ್ರೋಪಿನ್, ಸ್ಕೊಪೊಲಮಿನ್ ಇರುತ್ತವೆ. ಪಾಪೆ ಹಿಗ್ಗಿಸಲು ಕಣ್ಣಿನ ಡಾಕ್ಟರು ಹಾಕುವ ಹನಿಗಳಲ್ಲೂ ಅಟ್ರೋಪಿನ್ ಉಂಟು. ಮೂರು ದಿನಕ್ಕೆ ಕಣ್ಣು ಸರಿಹೋಯಿತು.

ಆದರೂ ಆ ಗಿಡದ ಮೇಲೆ ಸಿಟ್ಟು ಬರಲಿಲ್ಲ, ನೋಡಿ. ನನ್ನದು ಕ್ಯಾಂಡಿಡಾ ಎಂಬ ಹೈಬ್ರಿಡ್. ಆರಿಯಾ, ವರ್ಸಿಕಲರ್ ಎಂಬ ಎರಡು ಜಾತಿ ಕೂಡಿ ಆದದ್ದು. ಟೊಂಗೆ ಇಬ್ಭಾಗವಾಗಿ ಕವಲೊಡೆಯಿತೆಂದರೆ ಮೊಗ್ಗು ಬರುವ ಹೊತ್ತಾಯಿತು ಅಂತ ಲೆಕ್ಕ. ಗೇಣುದ್ದದ ಹೂವು ತಿಳಿ ಬಣ್ಣದಲ್ಲಿ ಅರಳಿ, ದಿನ ಕಳೆದಂತೆ ಪೀಚ್ ಬಣ್ಣಕ್ಕೆ ತಿರುಗುತ್ತದೆ. ಹಗಲು ಸುಮ್ಮನಿದ್ದು, ಸಂಜೆಯಾದೊಡನೆ ಘಮ್ ಅನ್ನುತ್ತದೆ. ಬೀಜ ಹಾಕಿದರೆ ಇದೇ ಹೂವು ಬರುತ್ತದೆಂಬ ಖಾತ್ರಿಯಿಲ್ಲ, ಟೊಂಗೆಯನ್ನೇ ಊರಬೇಕು. ಮೂಲ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಸೀಮೆ. ನಮ್ಮ ಬಿಸಿಲು ನಲವತ್ತು ಡಿಗ್ರಿ ದಾಟಿದರೆ ಮಧ್ಯಾಹ್ನಕ್ಕೇ ಎಲೆ ಜೋತುಬೀಳುತ್ತವೆ. ಅರೆನೆರಳಲ್ಲಿಟ್ಟು ಎರಡು ಹೊತ್ತು ನೀರು ಹಾಕುತ್ತೇನೆ.

ಕಣ್ಣು ಸರಿಯಾದ ಮೇಲೆ ಟೊಂಗೆ ಹಿಡಿದು ಕಮಲಾಪುರಕ್ಕೆ ಹೋದೆ. ಕೆಂಪು ಬಾಳೆಗೆ ಹೆಸರಾದ ಊರು. ಹಿತ್ತಲಲ್ಲಿ ಬಾಳೆಯ ಪಕ್ಕ ಊರೋಣ ಅಂತಿದ್ದೆ. ಮೊಬೈಲಿನಲ್ಲಿ ಹೂವಿನ ಫೋಟೋ ನೋಡಿ ಅವ್ವ, "ಯಪ್ಪಾ, ಇದು ಮದಗುಣಕಿ ಅಲ್ಲೇನು?" ಅಂದಳು.

"ಅಲ್ಲವ್ವಾ. ಮದಗುಣಕಿ ಹೂವು ಮ್ಯಾಲ ನೋಡ್ತದ, ಕಾಯಿಗೆ ಮುಳ್ಳಿರ್ತಾವ. ಇದು ಕೆಳಗ ಜೋತಾಡ್ತದ, ಕಾಯಿ ನುಣ್ಣಗ."

"ವಿಷ?"

"ಅದು ಎರಡಕ್ಕೂ ಅದ. ಎಲಿ, ಹೂವು, ಬೀಜ, ಎಲ್ಲಾದ್ರಾಗೂ."

ಅವ್ವ ಅಂಗಳದ ಕಡೆ ನೋಡಿದಳು. ಅಣ್ಣನ ಮೂರು ವರ್ಷದ ಮಗಳು ದಾಸವಾಳ ಕಿತ್ತು ಬಾಯಿಗಿಟ್ಟುಕೊಂಡು ಪೀಪಿ ಊದುತ್ತಿದ್ದಳು. ಈ ಹೂವಂತೂ ನೋಡಲಿಕ್ಕೇ ಪೀಪಿ! ಇಬ್ಬರೂ ಮಾತಾಡಲಿಲ್ಲ. ಟೊಂಗೆಯನ್ನು ಕವರಿನಲ್ಲಿ ಸುತ್ತಿ ವಾಪಸ್ ತಂದೆ.

ಮಾಳಿಗೆ ಮೇಲೆ ಗಿಡ ಈಗಲೂ ಇದೆ. ಪಕ್ಕದಲ್ಲೇ ಕೈಗವಸು ಇಟ್ಟಿದ್ದೇನೆ. ಕೂಸು ಕಲಬುರಗಿಗೆ ಬಂದ ದಿನ ಮಾಳಿಗೆ ಬಾಗಿಲಿಗೆ ಬೀಗ. ನೀವೂ ಫೋಟೋ ನೋಡಿ ಗಿಡ ಆರ್ಡರ್ ಮಾಡುವವರಾದರೆ, ಬಣ್ಣ ಕೇಳುವ ಮೊದಲು ಅವ್ವ ಕೇಳಿದ್ದನ್ನು ಕೇಳಿ.