‘ತರ್ಜುಮೆ ಮಾಡಿ ತೋರಿಸು’

ಪ್ರತಿ ವರ್ಷ ಜುಲೈ 1 ಬಂತೆಂದರೆ ನಮ್ಮಲ್ಲಿ ಪತ್ರಿಕಾ ದಿನಾಚರಣೆ. ಹರ್ಮನ್ ಮೊಗ್ಲಿಂಗನ ಭಾವಚಿತ್ರಕ್ಕೆ ಹಾರ ಬೀಳುತ್ತದೆ. 1843ರಲ್ಲಿ ಮಂಗಳೂರಿನ ಕಲ್ಲಚ್ಚಿನಿಂದ ‘ಮಂಗಳೂರ ಸಮಾಚಾರ’ವನ್ನು ಹೊರತಂದ ಈ ಜರ್ಮನ್ ಪಾದ್ರಿ ಪರದೇಶದಿಂದ ಬಂದರೂ ಇಲ್ಲಿನ ಭಾಷೆ ಕಲಿತು ಪತ್ರಿಕೆ ಮಾಡಿದನೆಂದು ಭಾಷಣಗಳಾಗುತ್ತವೆ. ಮೆಚ್ಚಬೇಕಾದ ಮಾತೇ, ತಕರಾರಿಲ್ಲ. ಆದರೆ ಅದೇ ವೇದಿಕೆಯಲ್ಲಿ ಎರಡನೆಯ ಭಾಷಣಕಾರರು ಸಾಮಾನ್ಯವಾಗಿ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾರೆ. ಹೊರಗಿನಿಂದ ಬಂದವರೆಲ್ಲ ಮೊಗ್ಲಿಂಗನ ಹಾಗಿರಬೇಕು, ತಮ್ಮ ಭಾಷೆಯ ಪತ್ರಿಕೆ ಹಿಡಿದು ಮೂಲೆಯಲ್ಲಿ ಕೂರಬಾರದು, ಮುಖ್ಯವಾಹಿನಿಗೆ ಬರಬೇಕು ಎನ್ನುತ್ತಾರೆ. ಈ ‘ಮುಖ್ಯವಾಹಿನಿ’ ಎಂಬ ಪದದ ಮೇಲೆ ನನಗೆ ಬಹಳ ದಿನಗಳಿಂದ ಸಿಟ್ಟಿದೆ. ಆ ಸಿಟ್ಟನ್ನು ಜರ್ಮನ್ನರ ಚರಿತ್ರೆಯನ್ನೇ ಇಟ್ಟುಕೊಂಡು ಹೇಳಿಬಿಡುತ್ತೇನೆ.

ಮೊಗ್ಲಿಂಗ್ ಬಂದದ್ದು ಕಲಿಸಲಿಕ್ಕೆ. ಕಲಿಸಬೇಕಾದವನು ಕೇಳುವವರ ಭಾಷೆ ಕಲಿಯಲೇಬೇಕು. ಹೊಟ್ಟೆಪಾಡಿಗಾಗಿ ಊರು ಬಿಟ್ಟವನ ಕತೆ ಬೇರೆ. ಅವನಿಗೆ ಕೂಲಿ ಎಷ್ಟು, ಜಮೀನು ಎಲ್ಲಿ, ಕಾನೂನು ಏನು, ಮೋಸ ಮಾಡುವವರು ಯಾರು ಎಂಬುದೆಲ್ಲ ಈ ವಾರವೇ ಗೊತ್ತಾಗಬೇಕು. ಹೊಸ ಭಾಷೆ ಕೈಗೆ ಬರುವುದಕ್ಕೆ ಹತ್ತು ವರ್ಷ ಬೇಕು. ಆ ಹತ್ತು ವರ್ಷದ ಕಂದಕವನ್ನು ದಾಟಿಸುವ ಕಾಲುಸಂಕ ಯಾವುದು? ಮೊಗ್ಲಿಂಗನ ನಾಡಿನಿಂದ ಅಮೆರಿಕಕ್ಕೆ ಹೋದ ಲಕ್ಷಾಂತರ ರೈತರು, ಕಮ್ಮಾರರು, ನೇಕಾರರಿಗೆ ಅವರ ಜರ್ಮನ್ ಪತ್ರಿಕೆಗಳೇ ಆ ಸಂಕವಾಗಿದ್ದವು.

ಅಮೆರಿಕದ ಮೊದಲ ಜರ್ಮನ್ ಪತ್ರಿಕೆಯನ್ನು ಮಾಡಿದವನು ಜರ್ಮನ್ನನಲ್ಲ. 1732ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಫಿಲಡೆಲ್ಫಿಯಾದಲ್ಲಿ ‘ಫಿಲಡೆಲ್ಫಿಶೆ ತ್ಸೈಟುಂಗ್’ ಎಂಬುದನ್ನು ಅಚ್ಚು ಹಾಕಿದ. ವ್ಯಾಪಾರದ ಲೆಕ್ಕಾಚಾರ ಅಷ್ಟೆ. ಚಂದಾದಾರರು ಸಿಗಲಿಲ್ಲ, ಪತ್ರಿಕೆ ಕಣ್ಣು ಬಿಡುವ ಮೊದಲೇ ಮುಚ್ಚಿತು. ಏಳು ವರ್ಷದ ನಂತರ ಅದೇ ಸೀಮೆಯ ಜರ್ಮನ್‌ಟೌನ್ ಎಂಬಲ್ಲಿ ಕ್ರಿಸ್ಟೊಫ್ ಸಾವರ್ ಎಂಬ ವಲಸಿಗ ಪತ್ರಿಕೆ ಶುರು ಮಾಡಿದ. ಅದು ನಿಂತಿತು, ಬೆಳೆಯಿತು, ಹಳ್ಳಿಹಳ್ಳಿಗೆ ಹೋಯಿತು. 1743ರಲ್ಲಿ, ಅಂದರೆ ನಮ್ಮ ‘ಸಮಾಚಾರ’ಕ್ಕೆ ಸರಿಯಾಗಿ ನೂರು ವರ್ಷ ಮೊದಲು, ಇದೇ ಸಾವರ್ ಜರ್ಮನ್ ಬೈಬಲನ್ನೂ ಅಚ್ಚು ಹಾಕಿದ. ಅಮೆರಿಕದಲ್ಲಿ ಯುರೋಪಿನ ಭಾಷೆಯೊಂದರಲ್ಲಿ ಅಚ್ಚಾದ ಮೊದಲ ಬೈಬಲ್ ಅದು. ಇಂಗ್ಲಿಷಿಗೆ ಆ ಭಾಗ್ಯ ಬರಲು ಇನ್ನೂ ಕೆಲವು ದಶಕ ಕಾಯಬೇಕಾಯಿತು.

ಫ್ರಾಂಕ್ಲಿನನಂಥ ಜಾಣ ಸೋತಲ್ಲಿ ಸಾವರ್ ಹೇಗೆ ಗೆದ್ದ? ಆಗಿನ ವಲಸೆಯ ವ್ಯವಸ್ಥೆಯನ್ನು ಸ್ವಲ್ಪ ನೋಡಬೇಕು. ರೈನ್ ನದಿಯ ಹಳ್ಳಿಗಳಲ್ಲಿ ಏಜೆಂಟರು ಓಡಾಡುತ್ತಿದ್ದರು. ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದು, ಅಮೆರಿಕದಲ್ಲಿ ಚಿನ್ನ ಬೆಳೆಯುತ್ತದೆಂಬಂತೆ ಮಾತಾಡಿ ಜನರನ್ನು ಹಡಗು ಹತ್ತಿಸುತ್ತಿದ್ದರು. ತಲೆಗೆ ಇಷ್ಟು ಎಂದು ಅವರಿಗೆ ಕಮಿಷನ್. ಹಡಗಿನಲ್ಲಿ ಕಾಯಿಲೆ, ಹಸಿವು, ಸಾವು. ಬದುಕಿ ಬಂದವರಲ್ಲಿ ಟಿಕೆಟಿನ ಹಣವಿಲ್ಲದವರನ್ನು ಬಂದರಿನಲ್ಲೇ ವರ್ಷಗಟ್ಟಲೆ ಚಾಕರಿಗೆ ಮಾರಲಾಗುತ್ತಿತ್ತು. ದಾರಿಯಲ್ಲಿ ಸತ್ತ ಗಂಡನ ಸಾಲವನ್ನು ಹೆಂಡತಿ ದುಡಿದು ತೀರಿಸಬೇಕಾಗಿತ್ತು. ಕರಾವಳಿಯ ಓದುಗರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ, ವೀಸಾ ಏಜೆಂಟರನ್ನು ಕಂಡವರು ನಾವು. ಸಾವರ್ ಈ ಹಡಗುಗಳ ವಿಚಾರವನ್ನು ತನ್ನ ಪತ್ರಿಕೆಯಲ್ಲಿ ಬರೆದ. 1755ರಲ್ಲಿ ಪೆನ್ಸಿಲ್ವೇನಿಯಾದ ಗವರ್ನರನಿಗೂ ದೂರಿನ ಪತ್ರ ಬರೆದ. ಈ ಕೆಲಸವನ್ನು ಇಂಗ್ಲಿಷ್ ಪತ್ರಿಕೆಗಳು ಮಾಡುವ ಹಾಗಿರಲಿಲ್ಲ. ಹಡಗಿನ ವರ್ತಕರು ಆ ಪತ್ರಿಕೆಗಳ ಜಾಹೀರಾತುದಾರರಾಗಿದ್ದರು. ಹೊಸ ಹಡಗು ಬಂತು, ಇಷ್ಟು ಆಳುಗಳು ಮಾರಾಟಕ್ಕಿದ್ದಾರೆ ಎಂದು ಅವುಗಳಲ್ಲಿ ಪ್ರಕಟಣೆ ಬರುತ್ತಿತ್ತು.

ಫ್ರಾಂಕ್ಲಿನ್ ಸುಮ್ಮನಿರಲಿಲ್ಲ. 1753ರ ಒಂದು ಪತ್ರದಲ್ಲಿ ಆತ ಪ್ರಾಂತ್ಯದ ಅಚ್ಚುಕೂಟಗಳ ಲೆಕ್ಕ ಕೊಡುತ್ತಾನೆ: ಒಟ್ಟು ಆರು, ಅದರಲ್ಲಿ ಎರಡು ಪೂರ್ತಿ ಜರ್ಮನ್, ಎರಡು ಅರ್ಧ ಜರ್ಮನ್, ಎರಡು ಮಾತ್ರ ಇಂಗ್ಲಿಷ್. ರಸ್ತೆಯ ಫಲಕಗಳೂ ಎರಡು ಭಾಷೆಯಲ್ಲಿವೆ, ಹೀಗೇ ಬಿಟ್ಟರೆ ನಾಳೆ ನಮ್ಮ ಭಾಷೆ, ನಮ್ಮ ಸರ್ಕಾರ ಉಳಿಯುವುದು ಕಷ್ಟ ಎಂಬ ಆತಂಕ. ಇನ್ನೊಂದು ಪ್ರಬಂಧದಲ್ಲಿ ಈ ಜರ್ಮನ್ನರನ್ನು ಗಮಾರರೆಂದು ಕರೆದು, ಅವರ ಮೈಬಣ್ಣ ಕೂಡ ಇಂಗ್ಲಿಷರಷ್ಟು ಬಿಳಿಯಲ್ಲ ಎಂದ! ಜರ್ಮನ್ನರು ಬಿಳಿಯರಲ್ಲ ಎಂದು ಬರೆದ ಮಹಾನುಭಾವನ ಮುಖ ಇವತ್ತಿಗೂ ನೂರು ಡಾಲರಿನ ನೋಟಿನ ಮೇಲಿದೆ. ಇರಲಿ. 1764ರ ಚುನಾವಣೆಯಲ್ಲಿ ಅವನ ವಿರೋಧಿಗಳು ಆ ಮಾತುಗಳನ್ನು ಜರ್ಮನ್ನಿಗೆ ತರ್ಜುಮೆ ಮಾಡಿ ಹಂಚಿದರು, ಫ್ರಾಂಕ್ಲಿನ್ ತನ್ನ ಸ್ಥಾನ ಕಳಕೊಂಡ. ತಮ್ಮ ಬಗ್ಗೆ ಏನು ಬರೆಯಲಾಗಿದೆ ಎಂದು ತಮ್ಮ ಭಾಷೆಯಲ್ಲಿ ತಿಳಿದುಕೊಂಡ ಜನ ಬಂದೂಕು ಹಿಡಿಯಲಿಲ್ಲ, ಓಟು ಹಾಕಿದರು. ಮುಖ್ಯವಾಹಿನಿ ಎಂದರೆ ಇದಲ್ಲದೆ ಬೇರೇನು ಸ್ವಾಮೀ?

1776ರಲ್ಲಿ ಅಮೆರಿಕ ಸ್ವಾತಂತ್ರ್ಯ ಘೋಷಿಸಿಕೊಂಡಿತು. ಆ ಸುದ್ದಿಯನ್ನು ಮೊದಲು ಅಚ್ಚು ಹಾಕಿದ ಪತ್ರಿಕೆ ಯಾವುದು ಗೊತ್ತೇ? ಫಿಲಡೆಲ್ಫಿಯಾದಲ್ಲಿ ಹೈನ್ರಿಖ್ ಮಿಲ್ಲರ್ ನಡೆಸುತ್ತಿದ್ದ ‘ಪೆನ್ಸಿಲ್ವಾನಿಶರ್ ಸ್ಟಾಟ್ಸ್‌ಬೋಟೆ’ ಎಂಬ ಜರ್ಮನ್ ಪತ್ರಿಕೆ, ಜುಲೈ 5ರಂದು. ಇಂಗ್ಲಿಷ್ ಪತ್ರಿಕೆಯಲ್ಲಿ ಘೋಷಣೆಯ ಪಾಠ ಬಂದದ್ದು ಮರುದಿನ. ಸ್ಟಾಟ್ಸ್‌ಬೋಟೆ ಶುಕ್ರವಾರ ಬರುತ್ತಿತ್ತು, ಅಷ್ಟೇ ಕಾರಣ ಎನ್ನಬಹುದು. ಒಪ್ಪೋಣ. ಆದರೂ ದೇಶ ಹುಟ್ಟಿದ ಸುದ್ದಿಯನ್ನು ದೇಶಕ್ಕೆ ಹೇಳಿದ್ದು ‘ಪರಕೀಯ’ರ ಪತ್ರಿಕೆ.

ಮುಂದಿನ ನೂರು ವರ್ಷವನ್ನು ಬೇಗ ದಾಟುತ್ತೇನೆ. 1834ರಲ್ಲಿ ‘ನ್ಯೂಯಾರ್ಕರ್ ಸ್ಟಾಟ್ಸ್ ತ್ಸೈಟುಂಗ್’ ಶುರುವಾಯಿತು. 1848ರ ಕ್ರಾಂತಿಯಲ್ಲಿ ಸೋತು ಓಡಿಬಂದ ವಿದ್ಯಾವಂತರು ಊರೂರಲ್ಲಿ ಸಂಪಾದಕರಾದರು. ಅಬ್ರಹಾಂ ಲಿಂಕನ್ 1859ರಲ್ಲಿ ಗುಟ್ಟಾಗಿ ಒಂದು ಜರ್ಮನ್ ಪತ್ರಿಕೆಯ ಅಚ್ಚಿನಯಂತ್ರವನ್ನೂ ಮೊಳೆಗಳನ್ನೂ ಖರೀದಿಸಿ, ತನ್ನ ಪಕ್ಷವನ್ನು ಬೆಂಬಲಿಸಬೇಕೆಂಬ ಕರಾರಿನ ಮೇಲೆ ಸಂಪಾದಕನಿಗೇ ನಡೆಸಲು ಕೊಟ್ಟ. ಪತ್ರಿಕೋದ್ಯಮದ ದೊಡ್ಡ ಬಹುಮಾನಕ್ಕೆ ಹೆಸರಾಗಿರುವ ಜೋಸೆಫ್ ಪುಲಿಟ್ಜರ್ ವರದಿಗಾರಿಕೆ ಕಲಿತದ್ದು ಸೇಂಟ್ ಲೂಯಿಯ ‘ವೆಸ್ಟ್ಲಿಶೆ ಪೋಸ್ಟ್’ನಲ್ಲಿ, ಜರ್ಮನ್ನಿನಲ್ಲಿ. 1890ರ ದಶಕದಲ್ಲಿ ದೇಶದಲ್ಲಿ ಎಂಟುನೂರರ ಹತ್ತಿರ ಜರ್ಮನ್ ಪತ್ರಿಕೆಗಳಿದ್ದವು. ಓಟು ಬೇಕಾದಾಗ ಯಾರಿಗೂ ಅವುಗಳ ಭಾಷೆ ತೊಡಕಾಗಲಿಲ್ಲ.

ಕೂಲಿ ಕೇಳಿದಾಗ ಮಾತ್ರ ತೊಡಕಾಯಿತು. ಚಿಕಾಗೋದ ‘ಆರ್ಬೈಟರ್ ತ್ಸೈಟುಂಗ್’ ಕಾರ್ಮಿಕರ ದಿನಪತ್ರಿಕೆ. ಎಂಟು ಗಂಟೆಯ ದುಡಿಮೆಗಾಗಿ 1886ರ ಮೇ ತಿಂಗಳಲ್ಲಿ ನಡೆದ ಮುಷ್ಕರದ ಹೊತ್ತಿಗೆ ಅದರ ಸಂಪಾದಕ ಆಗಸ್ಟ್ ಸ್ಪೀಸ್. ಮೇ 4ರ ರಾತ್ರಿ ಹೇಮಾರ್ಕೆಟ್‌ನಲ್ಲಿ ಯಾರೋ ಬಾಂಬೆಸೆದರು, ಪೊಲೀಸರು ಸತ್ತರು. ಎಸೆದವನು ಯಾರೆಂದು ಕೊನೆಗೂ ಸಾಬೀತಾಗಲಿಲ್ಲ. ಆದರೆ ಪತ್ರಿಕೆಯ ಸಂಪಾದಕ, ಸಹ ಸಂಪಾದಕ, ಮೊಳೆ ಜೋಡಿಸುವವನು ಎಲ್ಲರೂ ಕಟಕಟೆ ಹತ್ತಿದರು. ಆ ದಿನದ ಪತ್ರಿಕೆಯ ಓಲೆಪೆಟ್ಟಿಗೆ ಅಂಕಣದಲ್ಲಿ ‘ರೂಹೆ’ ಎಂಬ ಒಂದೇ ಒಂದು ಪದ ಅಚ್ಚಾಗಿತ್ತು. ಅರ್ಥ: ಶಾಂತಿ, ಸದ್ದಿಲ್ಲದಿರುವಿಕೆ. ಅದು ಸಶಸ್ತ್ರ ಗುಂಪಿಗೆ ಕೊಟ್ಟ ಸಂಕೇತ ಎಂದಿತು ಸರ್ಕಾರ. ಯಾರೋ ಹಾಕಿಸಿದರು, ನನಗದರ ಅರ್ಥ ಆಗ ಗೊತ್ತಿರಲಿಲ್ಲ ಎಂದ ಸ್ಪೀಸ್. ಹಳೆಯ ಸಂಚಿಕೆಗಳ ಲೇಖನಗಳನ್ನು ಇಂಗ್ಲಿಷಿಗೆ ಮಾಡಿಸಿ ಜ್ಯೂರಿಯ ಮುಂದೆ ಓದಿಸಲಾಯಿತು. ಪತ್ರಿಕೆಯವರೇನೂ ಸಾಧುಗಳಲ್ಲ, ಡೈನಮೈಟಿನ ಬಗ್ಗೆ ಬೇಜವಾಬ್ದಾರಿಯಿಂದ ಬರೆಯುತ್ತಿದ್ದರು, ಅದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಬರೆದದ್ದಕ್ಕೂ ಎಸೆದದ್ದಕ್ಕೂ ನಡುವಿನ ಅಂತರವನ್ನು ನ್ಯಾಯಾಲಯ ಅಳಿಸಿಹಾಕಿತು. 1887ರ ನವೆಂಬರ್ 11ರಂದು ಸ್ಪೀಸ್ ಮತ್ತು ಮೊಳೆ ಜೋಡಿಸುವ ಫಿಷರ್ ಸೇರಿ ನಾಲ್ವರು ಗಲ್ಲಿಗೇರಿದರು. 1893ರಲ್ಲಿ ಬದುಕುಳಿದಿದ್ದ ಮೂವರಿಗೆ ಕ್ಷಮಾದಾನ ಕೊಟ್ಟು, ವಿಚಾರಣೆಯೇ ಅನ್ಯಾಯವಾಗಿತ್ತು ಎಂದು ಬರೆದ ಗವರ್ನರ್ ಆಲ್ಟ್‌ಗೆಲ್ಡ್ ಕೂಡ ಜರ್ಮನಿಯಲ್ಲಿ ಹುಟ್ಟಿದವನೇ. ಆತನ ರಾಜಕೀಯ ಬಾಳು ಅಲ್ಲಿಗೆ ಮುಗಿಯುತ್ತ ಬಂತು.

ಇನ್ನು 1917. ಅಮೆರಿಕ ಜರ್ಮನಿಯ ಮೇಲೆ ಯುದ್ಧ ಸಾರಿತು. ಅಕ್ಟೋಬರ್ 6ರ ಕಾನೂನಿನ ಪ್ರಕಾರ ಪರಭಾಷೆಯ ಯಾವ ಪತ್ರಿಕೆಯೂ ಸರ್ಕಾರದ ಬಗ್ಗೆ, ಯುದ್ಧದ ಬಗ್ಗೆ ಏನೇ ಬರೆದರೂ ಅದರ ಇಂಗ್ಲಿಷ್ ತರ್ಜುಮೆಯನ್ನು ಪ್ರಮಾಣ ಮಾಡಿ ಊರಿನ ಪೋಸ್ಟ್‌ಮಾಸ್ತರನಿಗೆ ಒಪ್ಪಿಸಬೇಕು. ತಪ್ಪಿದರೆ ಅಂಚೆಯಲ್ಲಿ ಹೋಗುವ ಹಾಗಿಲ್ಲ. ‘ನಂಬಿಕಸ್ಥ’ರೆಂದು ಕಂಡವರಿಗೆ ಮಾತ್ರ ವಿನಾಯಿತಿಯ ಪರವಾನಿಗೆ. ನಾಲ್ಕು ಪುಟದ ವಾರಪತ್ರಿಕೆ ನಡೆಸಿದವರಿಗೆ ಇದರ ಅರ್ಥ ತಕ್ಷಣ ತಿಳಿಯುತ್ತದೆ. ಸಂಪಾದಕ, ಪ್ರೂಫ್ ನೋಡುವವ, ಚಂದಾ ವಸೂಲಿಯವ ಒಬ್ಬನೇ ಆಗಿರುವ ಕಡೆ ತರ್ಜುಮೆಗಾರನನ್ನು ಎಲ್ಲಿಂದ ತರುವುದು? ಪತ್ರಿಕೆಯನ್ನು ನಿಷೇಧಿಸಿದರೆ ಗಲಾಟೆಯಾಗುತ್ತದೆ. ಖರ್ಚಿನಿಂದ ಸಾಯಿಸಿದರೆ ಯಾರಿಗೂ ಕೇಳಿಸುವುದಿಲ್ಲ. ಪರವಾನಿಗೆಗಾಗಿ ಹಲವರು ಮೊದಲ ಪುಟದಲ್ಲೇ ದೇಶಭಕ್ತಿಯನ್ನು ತೂಗುಹಾಕಿಕೊಂಡರು, ಸರ್ಕಾರ ಕೊಟ್ಟದ್ದನ್ನೇ ಅಚ್ಚು ಹಾಕಿದರು. ಹೀಗೆ ತಾವೇ ನಾಲಿಗೆ ಕಚ್ಚಿಕೊಂಡ ಪತ್ರಿಕೆಯನ್ನು ಓದುಗ ಯಾಕೆ ಕೊಳ್ಳಬೇಕು? 1920ರ ಹೊತ್ತಿಗೆ ಉಳಿದದ್ದು ಮುನ್ನೂರಕ್ಕಿಂತ ಕಡಿಮೆ.

ತರ್ಜುಮೆಯ ಮಹಿಮೆಗೆ ಇನ್ನೊಂದು ಉದಾಹರಣೆ ಫಿಲಡೆಲ್ಫಿಯಾದ ‘ಟಾಗೆಬ್ಲಾಟ್’. ಅದರ ಐವರ ಮೇಲೆ ಗೂಢಚರ್ಯೆ ತಡೆ ಕಾಯಿದೆಯಲ್ಲಿ ಮೊಕದ್ದಮೆ ಬಿತ್ತು. ಬೇರೆ ಪತ್ರಿಕೆಗಳಿಂದ ಎತ್ತಿಕೊಂಡ ಸುದ್ದಿಗಳನ್ನು ಅಲ್ಲಿ ಇಲ್ಲಿ ಬದಲಿಸಿ ಅಚ್ಚು ಹಾಕಿದ್ದಾರೆ ಎಂಬುದು ಆರೋಪ. ಸೆನೆಟರ್ ಒಬ್ಬನ ಭಾಷಣದಲ್ಲಿ ರೊಟ್ಟಿಗಾಗಿ ನಿಲ್ಲುವ ಸಾಲು ಎಂದಿದ್ದುದು ಇವರಲ್ಲಿ ರೊಟ್ಟಿಗಾಗಿ ದೊಂಬಿ ಎಂದಾಗಿತ್ತು. ಇಂಥದ್ದರಿಂದ ಮಹಾಯುದ್ಧ ಸೋತುಹೋಗುತ್ತದೆಯೇ? 1920ರಲ್ಲಿ ಸುಪ್ರೀಂ ಕೋರ್ಟು ಇಬ್ಬರನ್ನು ಬಿಟ್ಟು ಮೂವರ ಶಿಕ್ಷೆಯನ್ನು ಎತ್ತಿಹಿಡಿಯಿತು. ನ್ಯಾಯಮೂರ್ತಿ ಬ್ರಾಂಡೈಸ್ ಭಿನ್ನಮತದ ತೀರ್ಪು ಬರೆದರು. ಅವರ ತಂದೆತಾಯಿ ಪ್ರಾಗ್‌ನಿಂದ ವಲಸೆ ಬಂದವರು.

ಪತ್ರಿಕೆಗಳ ಮೇಲಿನ ಸಂಶಯ ಬೀದಿಗಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. 1918ರ ಏಪ್ರಿಲ್ 5ರಂದು ಇಲಿನಾಯ್ ರಾಜ್ಯದ ಕಾಲಿನ್ಸ್‌ವಿಲ್ ಎಂಬಲ್ಲಿ ರಾಬರ್ಟ್ ಪ್ರಾಗರ್ ಎಂಬ ಗಣಿ ಕೆಲಸಗಾರನನ್ನು ಗುಂಪೊಂದು ಎಳೆದೊಯ್ದು ಮರಕ್ಕೆ ನೇಣು ಹಾಕಿತು. ಸಾಯುವ ಮೊದಲು ಅವನು ಕೇಳಿಕೊಂಡದ್ದು ಜರ್ಮನಿಯಲ್ಲಿರುವ ತಂದೆತಾಯಿಗೆ ಒಂದು ಪತ್ರ ಬರೆಯಲು ಅವಕಾಶ. ಅವನು ಅಮೆರಿಕದ ನೌಕಾಪಡೆಗೆ ಸೇರಲು ಹೋಗಿದ್ದವನು ಎಂಬುದನ್ನೂ ಸೇರಿಸಿಕೊಳ್ಳಿ. ವಿಚಾರಣೆಗೆ ನಿಂತ ಹನ್ನೊಂದು ಮಂದಿಯೂ ಖುಲಾಸೆಯಾದರು. ಮುಂದಿನ ತಿಂಗಳು ಅಯೋವಾ ರಾಜ್ಯದ ಗವರ್ನರ್ ಶಾಲೆಯಲ್ಲಿ, ರೈಲಿನಲ್ಲಿ, ಟೆಲಿಫೋನಿನಲ್ಲಿ, ಪ್ರಾರ್ಥನೆಯಲ್ಲಿ ಕೂಡ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕೂಡದೆಂದು ಆಜ್ಞೆ ಹೊರಡಿಸಿದ. ದೇವರಿಗೂ ತರ್ಜುಮೆ ಒಪ್ಪಿಸಬೇಕಾದ ಕಾಲ! ಇತ್ತ ಮಂಗಳೂರಿನಲ್ಲೂ ಆ ಯುದ್ಧದ ಕಾಲದಲ್ಲಿ ಬ್ರಿಟಿಷರು ಮೊಗ್ಲಿಂಗನ ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳನ್ನು ಶತ್ರುಗಳೆಂದು ಬಂಧನದಲ್ಲಿಟ್ಟು ಗಡೀಪಾರು ಮಾಡಿದರು, ಹೆಂಚಿನ ಕಾರ್ಖಾನೆಗಳನ್ನು ವಶಪಡಿಸಿಕೊಂಡರು. ಸ್ಥಳೀಯ ಭಾಷೆ ಕಲಿತು, ಅದರಲ್ಲೇ ಪತ್ರಿಕೆ ಮಾಡಿ, ನಿಘಂಟನ್ನೂ ಬರೆದ ಪರಂಪರೆಯವರು ಇವರು. ವೇದಿಕೆಯ ಎರಡನೆಯ ಭಾಷಣಕಾರರು ಇದನ್ನು ಗಮನಿಸಬೇಕು. ಮುಖ್ಯವಾಹಿನಿಯ ಭಾಷೆ ಕಲಿತವರನ್ನೂ ಸಂಶಯ ಬಿಡಲಿಲ್ಲ.

ಹೆದರಿದ ಜನ ಹೆಸರು ಬದಲಿಸಿಕೊಂಡರು, ಮೂಲ ಮುಚ್ಚಿಟ್ಟರು. ಕಾಲ್‌ಸ್ಟಾಟ್ ಎಂಬ ಹಳ್ಳಿಯಿಂದ 1885ರಲ್ಲಿ ಅಮೆರಿಕಕ್ಕೆ ಬಂದ ಫ್ರೀಡ್ರಿಖ್ ಟ್ರಂಪ್ ಎಂಬಾತನ ಮಗ ಮುಂದೆ ವ್ಯಾಪಾರದ ಅನುಕೂಲಕ್ಕೆ ನಾವು ಸ್ವೀಡನ್ನಿನವರು ಎಂದು ಹೇಳಿಕೊಂಡ. ಮೊಮ್ಮಗ 1987ರ ತನ್ನ ಪುಸ್ತಕದಲ್ಲೂ ಅದನ್ನೇ ಬರೆದ. ಅದೇ ಮೊಮ್ಮಗ ಅಧ್ಯಕ್ಷನಾಗಿ 2025ರ ಮಾರ್ಚ್ 1ರಂದು ಇಂಗ್ಲಿಷೊಂದೇ ಅಮೆರಿಕದ ಅಧಿಕೃತ ಭಾಷೆ ಎಂಬ ಆದೇಶಕ್ಕೆ ಸಹಿ ಹಾಕಿದ.

ಒಂದು ಆಕ್ಷೇಪ ಉಳಿಯುತ್ತದೆ. ಈ ಪತ್ರಿಕೆಗಳಲ್ಲಿ ಬಹಳಷ್ಟು 1914ರಿಂದ 1917ರವರೆಗೆ ಕೈಸರನ ಜೈಕಾರ ಹಾಕಲಿಲ್ಲವೇ? ಹಾಕಿದವು. ಊರಿನ ಮೇಲಿನ ಪ್ರೀತಿಯನ್ನು ಊರಿನ ದೊರೆಯ ಮೇಲಿನ ಪ್ರೀತಿಯೆಂದು ತಪ್ಪು ತಿಳಿದವು, ಓದುಗರನ್ನು ಅಪಾಯಕ್ಕೆ ತಳ್ಳಿದವು. ಆ ಸಂಪಾದಕರ ಪರ ವಕಾಲತ್ತು ನನಗೆ ಬೇಡ. ಆದರೆ ತಪ್ಪು ಅವರ ರಾಜಕೀಯದ್ದು, ಭಾಷೆಯದ್ದಲ್ಲ. ಅದಕ್ಕೆ ಸಾಕ್ಷಿಯೂ ನ್ಯೂಯಾರ್ಕಿನಲ್ಲೇ ಇದೆ. 1930ರ ದಶಕದಲ್ಲಿ ಅಲ್ಲಿ ಹಿಟ್ಲರನ ಭಕ್ತರ ಸಂಘಟನೆಯೊಂದು ಜರ್ಮನ್ ಪತ್ರಿಕೆ ನಡೆಸುತ್ತಿತ್ತು. ಅದೇ ನಗರದಲ್ಲಿ 1934ರಲ್ಲಿ ಜರ್ಮನ್ ಯಹೂದಿಗಳ ಕ್ಲಬ್ಬೊಂದು ‘ಔಫ್ಬೌ’ ಎಂಬ ಪತ್ರಿಕೆ ಶುರು ಮಾಡಿತು. ಹೆಸರಿನ ಅರ್ಥ ಕಟ್ಟುವುದು. ಹಿಟ್ಲರ್ ಅಟ್ಟಿದ ಜನ ಹಿಟ್ಲರನ ಭಾಷೆಯನ್ನು ಅವನಿಗೆ ಬಿಟ್ಟುಕೊಡಲಿಲ್ಲ. ಹನ್ನಾ ಅರೆಂಟ್ ಅದರಲ್ಲಿ ಬರೆದಳು, ಥಾಮಸ್ ಮನ್ ಬರೆದ. ಬಾಡಿಗೆ ಕೋಣೆ, ಕೆಲಸ, ಇಂಗ್ಲಿಷ್ ಪಾಠದ ಜಾಹೀರಾತುಗಳೂ ಅದರಲ್ಲೇ ಬಂದವು. ಯುದ್ಧ ಮುಗಿದಾಗ ಆ ಪತ್ರಿಕೆ ಪುಟಗಟ್ಟಲೆ ಹೆಸರುಗಳನ್ನು ಅಚ್ಚು ಹಾಕಿತು. ಶಿಬಿರಗಳಿಂದ ಬದುಕಿ ಬಂದವರ ಪಟ್ಟಿ, ಇಂಥವರನ್ನು ಕಂಡಿರಾ ಎಂದು ಕೇಳುವ ಸಣ್ಣ ಸಣ್ಣ ಪ್ರಕಟಣೆಗಳು. ಅಣ್ಣ ತಂಗಿಯನ್ನು, ಹೆಂಡತಿ ಗಂಡನನ್ನು ಆ ಅಂಕಣಗಳಲ್ಲಿ ಬೆರಳಿಟ್ಟು ಹುಡುಕಿದರು.