ಮನೆವಾರ್ತೆ: ನೆನಪಿನ ಭರಣಿ ಎಷ್ಟು ದೊಡ್ಡದಿರಬೇಕು?

ಸೋದರಿಯರೇ, ಈ ಸಲ ಉಪ್ಪಿನಕಾಯಿಯ ಮಾತಲ್ಲ. ಆದರೆ ಭರಣಿಯ ಮಾತು ಹೌದು.

ನಮ್ಮ ಫಳ್ನೀರಿನಲ್ಲಿ ಒಂದು ಹಳೆಯ ಹಂಚಿನ ಮನೆ. ಅಲ್ಲಿ ನಿವೃತ್ತ ಅಧ್ಯಾಪಿಕೆಯೊಬ್ಬರಿದ್ದಾರೆ. ಸುತ್ತಮುತ್ತಲಿನವರಿಗೆಲ್ಲ ಅವರು ‘ಟೀಚರ್’ ಅಷ್ಟೇ. ಮಳೆ ಹಿಡಿಯುವ ಮುಂಚಿನ ಗುಡುಗು ಮಿಂಚಿನ ಒಂದು ಸಂಜೆ ಅವರ ಫೋನು ಬಂತು. “ಒಮ್ಮೆ ಬಂದು ಹೋಗು ಮಾರಾಯ್ತಿ. ಕಂಪ್ಯೂಟರಿನ ಒಳಗೆ ಹಲ್ಲಿ ಲೊಚಗುಟ್ಟಿದ ಹಾಗೆ ಆಗ್ತಾ ಉಂಟು!”

ಹೋಗಿ ಕಿವಿಗೊಟ್ಟೆ. ಟಿಕ್, ಟಿಕ್, ಸ್ವಲ್ಪ ಮೌನ, ಮತ್ತೆ ಟಿಕ್. ಹಲ್ಲಿಯಲ್ಲ, ಹಾರ್ಡ್ ಡಿಸ್ಕ್. ಹನ್ನೆರಡು ವರ್ಷದ ಹಿಂದಿನ 500 ಜಿಬಿಯದು, ಕಂಠಮಟ್ಟ ತುಂಬಿತ್ತು. ಅದರಲ್ಲಿ ಏನಿತ್ತು ಕೇಳಿ: ತೀರಿಹೋದ ಯಜಮಾನರು ಮಸ್ಕತ್ತಿನಿಂದ ಬರೆದ ಕಾಗದಗಳ ಪ್ರತಿ, ಮೊಮ್ಮಕ್ಕಳ ಫೋಟೋ, ಮಗಳ ಮದುವೆಯ ವಿಡಿಯೋ. ಆ ಮದುವೆಯ ರೋಸ್ ದಿನ ಟೀಚರ ಅತ್ತೆ ಕುಳಿತು ವೊವಿಯೊ ಹಾಡಿದ್ದಾರೆ. ಅತ್ತೆಯವರ ದನಿ ಬೇರೆಲ್ಲೂ ಇಲ್ಲ. ಮೂಲ ಕ್ಯಾಸೆಟ್ಟಿಗೆ ಬೂಸ್ಟು ಹಿಡಿದಿತ್ತೆಂದು, ಕಂಪ್ಯೂಟರಿಗೆ ಹಾಕಿಸಿದ ಮೇಲೆ ಬಿಸಾಡಿಯಾಗಿತ್ತು!

“ದುಬೈಯಿಂದ ಮಗ ಹೇಳ್ತಾನೆ, ಹದಿನಾರು ಟಿಬಿಯದ್ದು ತಗೊಳ್ಳಿ ಮಮ್ಮಿ, ಮತ್ತೆ ಚಿಂತೆ ಇಲ್ಲ ಅಂತ. ನಿನಗೆ ಹೇಗೆ ಕಾಣ್ತದೆ?” ಎಂದರು ಟೀಚರ್.

ಅಂದಿನಿಂದ ನಾವಿಬ್ಬರೂ ಓದಿ, ಕೇಳಿ, ಅಂಗಡಿ ಸುತ್ತಿ ಕಲಿತದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ. ಕಂಪ್ಯೂಟರ್ ಮಕ್ಕಳದ್ದು, ಯಜಮಾನರದ್ದು ಎಂದು ಪುಟ ತಿರುಗಿಸಬೇಡಿ. ಮನೆಯ ನೆನಪುಗಳನ್ನು ಜೋಪಾನ ಮಾಡುವವರು ನಾವೇ ಅಲ್ಲವೇ?

ಶಬ್ದ ಬಂದರೆ ಮೊದಲು ಮಾಡಬೇಕಾದ್ದು

ಹೊಸದನ್ನು ಆರಿಸುವುದು ಆಮೇಲೆ. ಹಳೆಯ ಡಿಸ್ಕ್ ಟಿಕ್ ಟಿಕ್ ಎಂದರೆ ಅದರ ಆಯುಸ್ಸು ಮುಗಿಯುತ್ತಾ ಬಂತೆಂದು ತಿಳಿಯಿರಿ. ಅದರೊಳಗೆ ತಟ್ಟೆಗಳು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತವೆ. ಓದುವ ಮುಳ್ಳು ತಟ್ಟೆಯ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ನಮ್ಮ ಒಂದು ತಲೆಕೂದಲೇ ಅದಕ್ಕಿಂತ ಸಾವಿರಾರು ಪಟ್ಟು ದಪ್ಪ! ಮುಳ್ಳು ತಟ್ಟೆಗೆ ತಾಗಿದರೆ ಗೀರು ಬಿತ್ತೆಂದೇ ಲೆಕ್ಕ. ಆದ್ದರಿಂದ ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ. ರಿಪೇರಿಯ ಪ್ರೋಗ್ರಾಂ ಓಡಿಸಬೇಡಿ, ತಟ್ಟಬೇಡಿ, ಬಿಚ್ಚಬೇಡಿ. ಡಿಸ್ಕ್ ತೆರೆದುಕೊಂಡರೆ ಎಲ್ಲಕ್ಕಿಂತ ಅಮೂಲ್ಯವಾದದ್ದನ್ನು ಮೊದಲು ಪೆನ್‌ಡ್ರೈವಿಗೆ ನಕಲು ಮಾಡಿ. ತೆರೆಯದಿದ್ದರೆ ಆಫ್ ಮಾಡಿ, ಅದರಲ್ಲೇ ಪಳಗಿದವರಿಗೆ ಕೊಡಿ.

ನಾವು ಮಾಡಿದ್ದೂ ಅಷ್ಟೇ. ಕಾಗದಗಳು ಬಂದವು. ಫೋಟೋ ಬಹುಪಾಲು ಬಂತು. ರೋಸ್ ವಿಡಿಯೋ ಅರ್ಧಕ್ಕೆ ನಿಂತಿತು. ಟೀಚರೇ ಎದ್ದು ಸ್ವಿಚ್ಚು ಆರಿಸಿದರು.

ಎಷ್ಟು ದೊಡ್ಡದು ಬೇಕು?

ಮಳೆಗಾಲಕ್ಕೆ ಕುಚ್ಚಲಕ್ಕಿ ತರುವಾಗ ಮನೆಯಲ್ಲಿ ಎಷ್ಟು ಜನ, ಎಷ್ಟು ತಿಂಗಳು ಎಂದು ಲೆಕ್ಕ ಹಾಕುತ್ತೇವಲ್ಲ, ಇಲ್ಲೂ ಅದೇ ಲೆಕ್ಕ. 1,000 ಎಂಬಿಗೆ ಒಂದು ಜಿಬಿ, 1,000 ಜಿಬಿಗೆ ಒಂದು ಟಿಬಿ. ಫೋನಿನ ಒಂದು ಫೋಟೋಗೆ 4 ಎಂಬಿ ಹಿಡಿದರೆ 40,000 ಫೋಟೋಗೆ 160 ಜಿಬಿ. ಫೋನಿನಲ್ಲಿ ತೆಗೆಯುವ 4ಕೆ ವಿಡಿಯೋ ಗಂಟೆಗೆ 10 ಜಿಬಿಯಿಂದ 20 ಜಿಬಿವರೆಗೂ ತಿನ್ನುತ್ತದೆ. ಜಾಗ ನುಂಗುವುದು ಫೋಟೋ ಅಲ್ಲ, ವಿಡಿಯೋ.

ಟೀಚರ ಮನೆಯ ಒಟ್ಟು ಲೆಕ್ಕ, ಫೋನಿನಲ್ಲಿದ್ದದ್ದನ್ನೂ ಸೇರಿಸಿ, ಸುಮಾರು 600 ಜಿಬಿ. ವರ್ಷಕ್ಕೆ 200 ಜಿಬಿ ಹೆಚ್ಚಬಹುದು. ಐದು ವರ್ಷಕ್ಕೆ 1,000 ಜಿಬಿ. ಕೂಡಿದರೆ 1.6 ಟಿಬಿ. ಭರಣಿಯನ್ನು ಬಾಯಿಯವರೆಗೆ ತುಂಬಬಾರದೆಂದು ಕಾಲು ಭಾಗ ಖಾಲಿ ಬಿಟ್ಟರೆ ಎರಡು ಟಿಬಿಗೆ ಸ್ವಲ್ಪ ಮೇಲೆ. ಹಾಗಾದರೆ 4 ಟಿಬಿ ಧಾರಾಳವಾಯಿತು. ಹದಿನಾರು ಯಾರಿಗೆ? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಬೆಲೆ ಹೋಲಿಸುವಾಗ ಇಡೀ ಬೆಲೆಯನ್ನು ಟಿಬಿಯಿಂದ ಭಾಗಿಸಿ. ಒಂದು ಟಿಬಿಯದಕ್ಕಿಂತ ನಾಲ್ಕರದ್ದು ಟಿಬಿ ಲೆಕ್ಕದಲ್ಲಿ ಸಾಮಾನ್ಯವಾಗಿ ಅಗ್ಗ ಬೀಳುತ್ತದೆ. ಇನ್ನೊಂದು ಮಾತು: 4 ಟಿಬಿ ಡಿಸ್ಕನ್ನು ಮನೆಗೆ ತಂದು ನೋಡಿದರೆ 3.63 ಎಂದು ತೋರಿಸುತ್ತದೆ. ಅಂಗಡಿಯವ ಮೋಸ ಮಾಡಿದನೆಂದು ಜಗಳಕ್ಕೆ ಹೋಗಬೇಡಿ. ತಯಾರಿಸುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸು 1,024ರ ಲೆಕ್ಕದಲ್ಲಿ. ಸೇರಿಗೂ ಕಿಲೋಗೂ ಇದ್ದ ವ್ಯತ್ಯಾಸದ ಹಾಗೆ!

1956ರಲ್ಲಿ ಐಬಿಎಂ ಕಂಪನಿ ತಂದ ಮೊದಲ ಹಾರ್ಡ್ ಡಿಸ್ಕ್ ಯಂತ್ರದಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದವು. ಕಪಾಟಿನಷ್ಟು ದೊಡ್ಡ ಆ ಯಂತ್ರದಲ್ಲಿ ಹಿಡಿಸುತ್ತಿದ್ದುದು ಸುಮಾರು 5 ಎಂಬಿ, ಎಂದರೆ ಈಗಿನ ಫೋನಿನ ಒಂದು ಫೋಟೋ!

ಹಂಚಿನ ಮಾಡಿನ ಗುಟ್ಟು

ಅಂಗಡಿಯಲ್ಲಿ ಯಾರೂ ತಾವಾಗಿ ಹೇಳದ ಗುಟ್ಟು ಇದು. ತಟ್ಟೆಯ ಮೇಲೆ ಬರೆಯುವ ಕ್ರಮದಲ್ಲಿ ಎರಡು ಬಗೆ: ಸಿಎಂಆರ್ ಮತ್ತು ಎಸ್‌ಎಂಆರ್. ಈ ಎರಡನೆಯದನ್ನು ಮಂಗಳೂರಿನವರಿಗೆ ವಿವರಿಸುವುದು ಬಹಳ ಸುಲಭ. 1865ರಲ್ಲಿ ಬಾಸೆಲ್ ಮಿಷನ್ನಿನವರು ನಮ್ಮ ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರಲ್ಲ, ಆ ಹಂಚುಗಳನ್ನು ಮಾಡಿಗೆ ಹೇಗೆ ಹೊದಿಸುತ್ತಾರೆ? ಒಂದರ ಅಂಚಿನ ಮೇಲೆ ಇನ್ನೊಂದು. ಎಸ್‌ಎಂಆರ್ ಡಿಸ್ಕಿನಲ್ಲಿ ಬರಹದ ಸಾಲುಗಳನ್ನು ಹೀಗೆಯೇ ಒಂದರ ಮೇಲೊಂದು ಸ್ವಲ್ಪ ಹತ್ತಿಸಿ ಕೂರಿಸುತ್ತಾರೆ. ಅಷ್ಟೇ ತಟ್ಟೆಯಲ್ಲಿ ಹೆಚ್ಚು ಹಿಡಿಸುತ್ತದೆ, ಬೆಲೆ ಇಳಿಯುತ್ತದೆ. ಆದರೆ ನಡುವಿನ ಒಂದು ಹಂಚು ಬದಲಿಸಲು ಪಕ್ಕದ ಹಂಚುಗಳನ್ನೂ ಎತ್ತಬೇಕಾಗುವಂತೆ, ನಡುವೆ ಏನಾದರೂ ಬದಲಿಸಿದರೆ ಮುಂದಿನ ಸಾಲುಗಳನ್ನೂ ತಿರುಗಿ ಬರೆಯಬೇಕು. ಆಗ ಡಿಸ್ಕ್ ಏದುಸಿರು ಬಿಡುತ್ತದೆ.

ಹಾಗಾದರೆ ಅದು ಕೆಟ್ಟದ್ದೇ? ಅಲ್ಲ. ಒಮ್ಮೆ ಹಾಕಿಟ್ಟು ಆಗಾಗ ನೋಡುವ ಫೋಟೋ ವಿಡಿಯೋಗಳಿಗೆ ಅದು ಸಾಕು. ದಿನವೂ ಬರೆಯುವ, ಅಳಿಸುವ, ವಿಡಿಯೋ ಕತ್ತರಿಸಿ ಜೋಡಿಸುವ ಕೆಲಸವಿದ್ದರೆ ಸಿಎಂಆರ್ ಬೇಕು. ಕೇಳಿ ತೆಗೆದುಕೊಳ್ಳುವುದು ನಮ್ಮ ಹಕ್ಕು. 2020ರಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿ ತನ್ನ ಕೆಲವು ‘ರೆಡ್’ ಡಿಸ್ಕುಗಳು ಎಸ್‌ಎಂಆರ್ ಎಂಬುದನ್ನು ಕೊಳ್ಳುವವರಿಗೆ ತಿಳಿಸಿರಲಿಲ್ಲವೆಂದು ದೊಡ್ಡ ಗಲಾಟೆಯಾಗಿ, ಆಮೇಲೆ ಯಾವುದು ಯಾವ ಬಗೆಯೆಂದು ಪಟ್ಟಿ ಹೊರಡಿಸಿತು. ಈಗ ಡಿಸ್ಕಿನ ಮಾಡೆಲ್ ನಂಬರು ಹಾಕಿ ಕಂಪನಿಯ ವಿವರಪಟ್ಟಿಯಲ್ಲಿ ನೋಡಬಹುದು. ಹುಡುಕಿಕೊಡಲು ಮಕ್ಕಳಿಗೆ ಹೇಳಿ.

ಅಂಗಡಿಗೆ ಹೋಗುವ ಮುಂಚೆ

ಒಂದು: ಕಂಪ್ಯೂಟರಿನ ಪೆಟ್ಟಿಗೆಯಲ್ಲಿ ಜಾಗವಿದೆಯೇ ನೋಡಿಸಿ. ಡೆಸ್ಕ್‌ಟಾಪಿನ ದೊಡ್ಡ ಡಿಸ್ಕ್ ಮೂರೂವರೆ ಅಂಗುಲದ್ದು. ಈಗಿನ ಕೆಲವು ಚಿಕ್ಕ ಪೆಟ್ಟಿಗೆಗಳಲ್ಲಿ ಅದು ಕೂರುವುದೇ ಇಲ್ಲ. ಒಂದು ಸಾಟಾ ಕೇಬಲ್, ಒಂದು ಕರೆಂಟಿನ ವಯರು ಖಾಲಿ ಇರಬೇಕು.

ಎರಡು: ವಿಂಡೋಸನ್ನು ಇದರಲ್ಲಿ ಹಾಕಿಸಬೇಡಿ. ಅದಕ್ಕೆ ಚಿಕ್ಕದೊಂದು ಎಸ್‌ಎಸ್‌ಡಿ ಇರಲಿ, ಕಂಪ್ಯೂಟರ್ ಚುರುಕಾಗುತ್ತದೆ. ದಿನ ಬಳಕೆಗೆ ಚಿಕ್ಕ ಭರಣಿ, ವರ್ಷಕ್ಕೆ ದೊಡ್ಡ ಭರಣಿ. ನಮಗೆ ಹೊಸತೇನಲ್ಲ.

ಮೂರು: ವೇಗ 5,400 ಸುತ್ತಿನದ್ದು, 7,200 ಸುತ್ತಿನದ್ದು ಎಂದಿರುತ್ತದೆ. ಕೂಡಿಡುವುದಕ್ಕೆ 5,400 ಸಾಕು. ಬಿಸಿ ಕಡಿಮೆ, ಸದ್ದೂ ಕಡಿಮೆ. ದೊಡ್ಡ ಕಚೇರಿಗಳ ಸರ್ವರಿಗೆಂದು ಮಾಡಿದವು ಗಟ್ಟಿ ನಿಜ, ಆದರೆ ಮಲಗುವ ಕೋಣೆಯಲ್ಲಿ ಅವುಗಳ ಗರಗರ ಸಹಿಸುವುದು ಕಷ್ಟ. ಸಿಸಿಟಿವಿಗೆಂದು ಮಾರುವ ಡಿಸ್ಕ್ ಹಗಲಿರುಳು ವಿಡಿಯೋ ಬರೆಯಲಿಕ್ಕೆ ಹೊಂದಿಸಿದ್ದು. “ಅದೂ ಒಂದೇ ಮೇಡಂ” ಎಂದರೆ ತಲೆಯಾಡಿಸಬೇಡಿ.

ನಾಲ್ಕು: ಗ್ಯಾರಂಟಿ ಎಷ್ಟು ವರ್ಷ ಕೇಳಿ. ಎರಡೂ ಇದೆ, ಮೂರೂ ಇದೆ, ಐದೂ ಇದೆ. ಸೀರಿಯಲ್ ನಂಬರು ಬರೆದ ಬಿಲ್ಲು ಪಡೆಯಿರಿ. ಆದರೆ ಒಂದು ನೆನಪಿಡಿ: ಗ್ಯಾರಂಟಿಯಲ್ಲಿ ಕೊಡುವುದು ಬೇರೆ ಡಿಸ್ಕ್ ಮಾತ್ರ. ಒಳಗಿದ್ದ ಅತ್ತೆಯ ದನಿಯನ್ನು ಯಾವ ಕಂಪನಿಯೂ ಕೊಡುವುದಿಲ್ಲ.

ಮನೆಗೆ ತಂದ ಮೇಲೆ

ಕೂಡಲೇ ತುಂಬಲು ಹೊರಡಬೇಡಿ. ಹೊಸ ಮಣ್ಣಿನ ಪಾತ್ರೆಯನ್ನು ಪಳಗಿಸುತ್ತೇವಲ್ಲ, ಹಾಗೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಪ್ರೋಗ್ರಾಂ ಇದೆ. ಡಿಸ್ಕ್ ಎಷ್ಟು ಗಂಟೆ ಓಡಿದೆಯೆಂದು ಅದರಲ್ಲಿ ತಿಳಿಯುತ್ತದೆ. ಹೊಸದರಲ್ಲಿ ಅದು ಸೊನ್ನೆಯ ಹತ್ತಿರವಿರಬೇಕು. ಸಾವಿರಾರು ಗಂಟೆ ತೋರಿಸಿದರೆ ಹಳೆಯದಕ್ಕೆ ಹೊಸ ಸೀರೆ ಉಡಿಸಿದ್ದಾರೆಂದು ಅರ್ಥ, ವಾಪಸು ಕೊಡಿ. 2025ರ ಆರಂಭದಲ್ಲಿ ಜರ್ಮನಿಯಲ್ಲೇ ಇಂಥ ಬಳಸಿದ ಡಿಸ್ಕುಗಳು ಹೊಸದೆಂದು ಮಾರಾಟವಾದದ್ದು ಸುದ್ದಿಯಾಗಿತ್ತು.

ಎರಡು ಟಿಬಿಗಿಂತ ದೊಡ್ಡ ಡಿಸ್ಕನ್ನು ಮೊದಲ ಸಲ ಹೂಡುವಾಗ ವಿಂಡೋಸು ‘ಎಂಬಿಆರ್ ಬೇಕೋ ಜಿಪಿಟಿ ಬೇಕೋ’ ಎಂದು ಕೇಳುತ್ತದೆ. ಜಿಪಿಟಿ ಎನ್ನಿ, ಇಲ್ಲದಿದ್ದರೆ ಎರಡು ಟಿಬಿಯಾಚೆಗಿನದ್ದು ದಂಡ. ಆಮೇಲೆ ‘ಕ್ವಿಕ್’ ಎಂಬ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿಸಿ. ಇಡೀ ರಾತ್ರಿ ಹಿಡಿಯಬಹುದು, ಹಿಡಿಯಲಿ. ಹುಳುಕಿದ್ದರೆ ಆಗಲೇ ಹೊರಬೀಳುತ್ತದೆ. ಆದರೆ ಜೋಕೆ! ಫಾರ್ಮ್ಯಾಟ್ ಮಾಡುತ್ತಿರುವುದು ಹೊಸ ಡಿಸ್ಕೇ ಹೌದೋ ಎಂದು ಎರಡೆರಡು ಸಲ ನೋಡಿ.

ನಮ್ಮ ಊರಿಗೆ ಇನ್ನೆರಡು ಜಾಗ್ರತೆ. ಮಿಂಚಿನ ದಿನ ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ. ಕರೆಂಟು ಹೋಗಿ ಬಂದು ಮಾಡುವ ಕಡೆ ಚಿಕ್ಕ ಯುಪಿಎಸ್ ಇರಲಿ. ಹೊರಗಿಡುವ ಡಿಸ್ಕನ್ನು ಬರಿದೇ ಕಪಾಟಿನಲ್ಲಿಡದೆ, ಬಿಗಿಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ.

ಒಂದೇ ಭರಣಿಯ ಅಪಾಯ

ಇಷ್ಟೆಲ್ಲ ನೋಡಿ ಆರಿಸಿದ ಡಿಸ್ಕೂ ಒಂದು ದಿನ ಸಾಯುತ್ತದೆ. ಒದ್ದೆ ಸೌಟು ಬಿದ್ದರೆ ಇಡೀ ಭರಣಿ ಕೆಡುವುದಿಲ್ಲವೇ? ಅದಕ್ಕೇ ತಿಳಿದವರು ‘ಮೂರು, ಎರಡು, ಒಂದು’ ಎಂಬ ಸೂತ್ರ ಹೇಳುತ್ತಾರೆ: ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಪ್ರತಿ ಬೇರೆ ಮನೆಯಲ್ಲಿ. ಇದನ್ನು ಬಳಕೆಗೆ ತಂದವರು ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್. ಫೋನಿನ ಗೂಗಲ್ ಫೋಟೋಸಿನಲ್ಲೇ ಇದೆಯಲ್ಲ ಎನ್ನುವವರು ಗಮನಿಸಿ: 2021ರ ಜೂನ್ 1ರಿಂದ ಅಲ್ಲಿ ಮಿತಿಯಿಲ್ಲದ ಉಚಿತ ಜಾಗ ನಿಂತಿದೆ. ಜಿಮೇಲೂ ಸೇರಿ 15 ಜಿಬಿ ಮಾತ್ರ ಪುಕ್ಕಟೆ.

ಟೀಚರ್ ಕೊನೆಗೆ ಹದಿನಾರರದ್ದು ಕೊಳ್ಳಲಿಲ್ಲ. 4 ಟಿಬಿಯ ಎರಡು ಕೊಂಡರು. ಒಂದು ಕಂಪ್ಯೂಟರಿನ ಒಳಗೆ. ಇನ್ನೊಂದು ಹೊರಗೆ ಸಿಕ್ಕಿಸುವಂಥದ್ದು, ಅದು ಹಂಚಿನ ಬಗೆಯದಾದರೂ ಅಡ್ಡಿಯಿಲ್ಲವೆಂದು ಅಗ್ಗದ್ದೇ ತೆಗೆದುಕೊಂಡೆವು. ಅದು ಕಂಕನಾಡಿಯ ಮಗಳ ಮನೆಯಲ್ಲಿರುತ್ತದೆ. ತಿಂಗಳ ಮೊದಲ ಆದಿತ್ಯವಾರ ಊಟಕ್ಕೆ ಬರುವಾಗ ಮಗಳು ತರುತ್ತಾಳೆ, ಹೊಸತನ್ನು ನಕಲು ಮಾಡಿ ಒಯ್ಯುತ್ತಾಳೆ. ಯಜಮಾನರ ಕಾಗದ ಮತ್ತು ಮದುವೆಯ ವಿಡಿಯೋ ಮಾತ್ರ ದುಬೈಯ ಮಗನ ಹತ್ತಿರವೂ ಒಂದು ಪ್ರತಿ.

ಹಳೆಯ ಡಿಸ್ಕ್ ಕೊಟ್ಟಲ್ಲಿಂದ ವಾಪಸು ಬಂತು. ಅವರು ತೆಗೆದುಕೊಂಡ ಹಣಕ್ಕೆ ಇಂಥ ಹೊಸ ಡಿಸ್ಕುಗಳು ಕೆಲವು ಬರುತ್ತಿದ್ದವು. ರೋಸ್ ವಿಡಿಯೋ ಸಿಕ್ಕಿತು, ಆದರೆ ಪೂರ್ತಿಯಲ್ಲ. ವೊವಿಯೊದ ಕೊನೆಯ ಎರಡು ಸಾಲಿನ ಹೊತ್ತಿಗೆ ಚಿತ್ರ ಚೂರುಚೂರಾಗಿ ದನಿ ನಿಲ್ಲುತ್ತದೆ.

“ಆ ಸಾಲು ನನಗೆ ಬಾಯಿಪಾಠ ಉಂಟು,” ಎಂದರು ಟೀಚರ್. “ಆದ್ರೆ ಅತ್ತೆಯ ಹಾಗೆ ಹೇಳ್ಲಿಕ್ಕೆ ಬರುದಿಲ್ಲ.”

ನಿಮ್ಮ ಮನೆಯ ಕಂಪ್ಯೂಟರಿನಲ್ಲೂ ಒಂದೇ ಪ್ರತಿ ಇರುವಂಥದ್ದು ಏನಾದರೂ ಇರಬಹುದು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವುದು ಬೇಡ. ಈ ಆದಿತ್ಯವಾರವೇ ಅದರ ಎರಡನೆಯ ಪ್ರತಿ ಮಾಡಿಡಿ, ಡಿಸ್ಕ್ ಕೊಳ್ಳುವುದು ಮುಂದಿನ ತಿಂಗಳಾದರೂ ಸರಿ.

ಮುಂದಿನ ಸಂಚಿಕೆಯಲ್ಲಿ: ಪತ್ರೊಡೆಗೆ ತುರಿಸದ ಕೆಸುವಿನ ಎಲೆ ಆರಿಸುವ ಬಗೆ.